ಪರರ ಪತ್ರ

ನಮ್ಮ ತಂದೆಯವರು ಹೆಚ್ಚು ಓದಿದವರಲ್ಲ. ಮುಲ್ಕಿ ಪರೀಕ್ಷೆಯವರೆಗೆ ಕಲಿತು, ಧಾರವಾಡದ ಸಮೀಪದ ನಮ್ಮ ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದರು. ಆದರೆ ನಮ್ಮ ಓಣಿಯಲ್ಲಿ ಅಕ್ಷರ ಬಲ್ಲ ಹಿರಿಯರು ಅವರೊಬ್ಬರೇ ಆಗಿದ್ದುದರಿಂದ, ಬಂದ ಕಾಗದಗಳನ್ನು ಓದಿ ಹೇಳುವ ಕೆಲಸ ತಾನಾಗಿಯೇ ಅವರ ಪಾಲಿಗೆ ಬಂದಿತ್ತು. ಸೈನ್ಯಕ್ಕೆ ಸೇರಿದ ಮಗನ ಕಾಗದ, ಕೊಟ್ಟ ಮನೆಯಿಂದ ಮಗಳು ಯಾರಿಂದಲೋ ಬರೆಯಿಸಿದ ಕಾಗದ, ಸಾಲ ಕೊಟ್ಟವರ ತಗಾದೆಯ ಕಾಗದ, ಎಲ್ಲವೂ ಸಂಜೆಯ ಹೊತ್ತಿಗೆ ನಮ್ಮ ಮನೆಯ ಕಟ್ಟೆಗೆ ಬರುತ್ತಿದ್ದವು. ಓದುವ ಮೊದಲು ತಂದೆಯವರು ನಮ್ಮನ್ನೆಲ್ಲ ಒಳಗೆ ಕಳುಹಿಸುತ್ತಿದ್ದರು. ಓದಿ ಮುಗಿಸಿದ ಮೇಲೆ ಕಾಗದವನ್ನು ಅದರ ಹಳೆಯ ಮಡಿಕೆಯಲ್ಲಿಯೇ ಮಡಿಚಿ, ತಂದವರ ಕೈಗೆ ಕೊಡುತ್ತಿದ್ದರು. ತಾಯಿಯವರು ಎಂದಾದರೂ ಕುತೂಹಲದಿಂದ, “ಏನ್ ಬರದಾನಂತ್ರಿ ಅವರ ಮಗ?” ಎಂದು ಕೇಳಿದರೆ, “ಅವರಿಗೆ ಬರದಾನ, ನಮಗಲ್ಲ” ಎಂಬುದೇ ಉತ್ತರ. ಅದರ ಮುಂದೆ ಮಾತಿಲ್ಲ.

ನಾನು ಮುಂದೆ ಓದಿ ಶಿಕ್ಷಕನಾದೆ. ಮಕ್ಕಳಿಗೆ ಪತ್ರಲೇಖನವನ್ನು ಕಲಿಸಿದೆ. ಪತ್ರದ ಒಕ್ಕಣೆ, ವಿಳಾಸ, ಸಹಿ ಎಲ್ಲವನ್ನೂ ಹೇಳಿಕೊಟ್ಟೆ. ಆದರೆ ತಂದೆಯವರ ಆ ನಾಲ್ಕು ಅಕ್ಷರದ ಪಾಠವನ್ನು ನಾನು ಸರಿಯಾಗಿ ಕಲಿತಿರಲಿಲ್ಲವೆಂಬುದು ನನಗೆ ಐವತ್ತು ದಾಟಿದ ಮೇಲೆ, ಒಂದು ಸೈಬರ್ ಕೆಫೆಯಲ್ಲಿ ತಿಳಿಯಿತು. ಆ ಸಂಗತಿಯನ್ನು ಇಂದು ಸಂಕೋಚವನ್ನು ಬದಿಗಿಟ್ಟು ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ. ನಮ್ಮ ಮನೆಗಳ ಮಕ್ಕಳಿಗೂ ಹಿರಿಯರಿಗೂ ಅದರಿಂದ ಕಿಂಚಿತ್ ಉಪಯೋಗವಾದರೆ ಹೇಳಿದ್ದು ಸಾರ್ಥಕ.

ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮವು ಅಂತರಜಾಲವನ್ನು ಸಾರ್ವಜನಿಕರಿಗೆ ತೆರೆದದ್ದು 1995ರ ಆಗಸ್ಟ್ 15ರಂದು. ಮರುವರ್ಷ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇಯ ಮೊದಲ ಮಳಿಗೆ ಆರಂಭವಾದಾಗ, ಅಲ್ಲಿ ಕಾಫಿಯ ಜೊತೆಗೆ ಅಂತರಜಾಲವೂ ದೊರೆಯುತ್ತಿತ್ತು. 1998ರಲ್ಲಿ ಖಾಸಗಿಯವರಿಗೂ ಈ ಸೇವೆ ಒದಗಿಸಲು ಅವಕಾಶ ದೊರೆತ ಮೇಲೆ, ನಮ್ಮಂಥ ಊರುಗಳ ಎಸ್.ಟಿ.ಡಿ. ಬೂತುಗಳೆಲ್ಲ ಒಂದೊಂದಾಗಿ ಸೈಬರ್ ಕೆಫೆಗಳಾಗತೊಡಗಿದವು. ಹೆಸರಿಗೆ ಕೆಫೆಯಾದರೂ ನಮ್ಮ ಧಾರವಾಡದ ಓಣಿಯ ತಿರುವಿನಲ್ಲಿದ್ದ ಅಂಗಡಿಯಲ್ಲಿ ಕಾಫಿ ಇರಲಿಲ್ಲ. ಚಹಾ ಬೇಕಾದರೂ ಎದುರಿನ ಅಂಗಡಿಯಿಂದ ಬರಬೇಕಾಗಿತ್ತು. ಪ್ಲೈವುಡ್ಡಿನ ಆರು ಗೂಡುಗಳು, ಒಳಗೊಂದು ಗಣಕಯಂತ್ರ, ಒಂದು ಕುರ್ಚಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ರಿಜಿಸ್ಟರಿನಲ್ಲಿ ಹೆಸರು, ವೇಳೆ ಬರೆದು ಒಳಗೆ ಹೋಗಬೇಕು. ಗಂಟೆಗೆ 20 ರೂಪಾಯಿ. ವೇಳೆ ಮುಗಿಯುವ ಹೊತ್ತಿಗೆ ಮೇಜಿನ ಬಳಿಯ ಹುಡುಗ, “ಸರ, ಇನ್ನ ಐದ ಮಿನಿಟ ಅದ ನೋಡ್ರಿ” ಎಂದು ಎಚ್ಚರಿಸುತ್ತಿದ್ದ.

ನಾವು ಅಲ್ಲಿಗೆ ಹೋಗತೊಡಗಿದ್ದು ಮಗನ ಸಲುವಾಗಿ. ಅವನು ಹೆಚ್ಚಿನ ಓದಿಗೆಂದು 2002ರಲ್ಲಿ ಅಮೆರಿಕಕ್ಕೆ ಹೋದ. ಫೋನು ದುಬಾರಿ, ಅಂಚೆ ನಿಧಾನ. ಹೀಗಾಗಿ ಹಾಟ್‌ಮೇಲ್‌ನಲ್ಲಿ ನಮಗೊಂದು ಖಾತೆಯನ್ನು ತೆರೆದುಕೊಟ್ಟು ಹೋಗಿದ್ದ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರು ಜ್ಯಾಕ್ ಸ್ಮಿತ್ ಅವರೊಡನೆ ಸೇರಿ 1996ರಲ್ಲಿ ಆರಂಭಿಸಿದ ಆ ಸೇವೆಯಿಂದ, ಯಾವ ಊರಿನ ಯಾವ ಯಂತ್ರದ ಮುಂದೆ ಕುಳಿತರೂ ನಮ್ಮ ಪತ್ರವನ್ನು ನಾವು ತೆರೆದು ಓದಬಹುದಾಗಿತ್ತು. ಪ್ರತಿ ರವಿವಾರ ಸಂಜೆ ನಾನೂ ನನ್ನ ಪತ್ನಿಯೂ ಹೋಗಿ ಒಂದೇ ಗೂಡಿನಲ್ಲಿ ಇಕ್ಕಟ್ಟಾಗಿ ಕೂಡುತ್ತಿದ್ದೆವು. ಮಗ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದುದರಿಂದ ಅವಳಿಗೆ ಓದಲು ಬರುತ್ತಿರಲಿಲ್ಲ. ನಾನು ಮೆಲ್ಲನೆ ಓದಿ ಹೇಳುತ್ತಿದ್ದೆ. ಪಕ್ಕದ ಗೂಡಿನವರಿಗೆ ಕೇಳಿಸೀತೆಂದು ಅವಳು ಕಣ್ಣಿನಲ್ಲೇ ಸನ್ನೆ ಮಾಡುತ್ತಿದ್ದಳು.

2003ರ ಒಂದು ಸಂಜೆ ಅವಳಿಗೆ ಜ್ವರವೆಂದು ನಾನೊಬ್ಬನೇ ಹೋದೆ. ಮೂರನೆಯ ಗೂಡಿನಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎದ್ದು ಬಂದಳು. ನನ್ನ ಮಿತ್ರರೊಬ್ಬರ ಮಗಳು, ಅದೇ ವರ್ಷ ಇಂಜಿನಿಯರಿಂಗ್ ಮುಗಿಸಿದ್ದಳು. “ನಮಸ್ಕಾರ ಸರ, ಬಸ್ಸಿನ ಹೊತ್ತಾತು” ಎಂದವಳೇ ಅವಸರದಿಂದ ಹೊರಟುಹೋದಳು. ನಾನು ಅದೇ ಕುರ್ಚಿಯಲ್ಲಿ ಕುಳಿತೆ. ಪರದೆಯ ಕೆಳಗಿನ ಪಟ್ಟಿಯಲ್ಲಿ ಒಂದು ಕಿಟಕಿ ಇನ್ನೂ ಮುಚ್ಚದೆ ಉಳಿದಿತ್ತು. ಒತ್ತಿದೆ. ಅವಳ ಅಂಚೆಪೆಟ್ಟಿಗೆ ತೆರೆದುಕೊಂಡಿತು. ಅದರಲ್ಲಿ ಪುಣೆಯಲ್ಲಿದ್ದ ಅಣ್ಣನಿಗೆ ಅವಳು ಅದೇ ತಾನೇ ಬರೆದ ಪತ್ರ.

ಆ ಕ್ಷಣದಲ್ಲಿ ನಾನು ಮಾಡಬೇಕಾಗಿದ್ದ ಕೆಲಸ ಒಂದೇ. ಸೈನ್ ಔಟ್ ಎಂಬುದನ್ನು ಒತ್ತಿ ಅದನ್ನು ಮುಚ್ಚಬೇಕಾಗಿತ್ತು. ಅದು ನನಗೆ ಗೊತ್ತೂ ಇತ್ತು. ಆದರೂ ಓದಿದೆ. ಬೆಂಗಳೂರಿನ ಕಂಪನಿಯೊಂದರಲ್ಲಿ ನೌಕರಿ ಸಿಕ್ಕಿದೆಯೆಂದೂ, ಮನೆಯಲ್ಲಿ ನಡೆದಿರುವ ಮದುವೆಯ ಮಾತುಕತೆಯನ್ನು ಒಂದೆರಡು ವರ್ಷ ಮುಂದೂಡಬೇಕೆಂದು ತಂದೆಯವರನ್ನು ಕೇಳಿಕೊಳ್ಳುವವಳಿದ್ದೇನೆಂದೂ, ಹಬ್ಬಕ್ಕೆ ನೀನು ಬಂದಾಗ ಇಬ್ಬರೂ ಕೂಡಿ ಹೇಳೋಣವೆಂದೂ, ಅಲ್ಲಿಯವರೆಗೆ ಯಾರಿಗೂ ಹೇಳಬೇಡವೆಂದೂ ಬರೆದಿದ್ದಳು. ಓದಲು ಎರಡು ನಿಮಿಷವೂ ಹಿಡಿಯಲಿಲ್ಲ. ಓದಿ, ಮುಚ್ಚಿ, ನನ್ನ ಮಗನ ಪತ್ರವನ್ನು ತೆರೆದೆ. ಕೆಟ್ಟ ಉದ್ದೇಶವೇನೂ ನನಗಿರಲಿಲ್ಲ. ಶಿಷ್ಯೆಗೆ ನೌಕರಿ ಸಿಕ್ಕಿತಲ್ಲ ಎಂದು ಸಂತೋಷವೇ ಆಗಿತ್ತು.

ಆ ಸಂತೋಷವೇ ಮುಳುವಾಯಿತು. ಹತ್ತು ದಿನಗಳ ನಂತರ ಪರಿಚಿತರೊಬ್ಬರ ಗೃಹಪ್ರವೇಶದ ಪಂಕ್ತಿಯಲ್ಲಿ ಅವಳ ತಂದೆ ನನ್ನ ಪಕ್ಕಕ್ಕೇ ಕುಳಿತಿದ್ದರು. ಮಾತಿನ ಭರದಲ್ಲಿ, “ಮಗಳಿಗೆ ಬೆಂಗಳೂರಾಗ ನೌಕರಿ ಆತಲ್ಲ, ಭಾಳ ಚಲೋ ಆತು” ಎಂದುಬಿಟ್ಟೆ. ಅವರು ಕೈಯಲ್ಲಿದ್ದ ಹೋಳಿಗೆಯ ತುಂಡನ್ನು ಎಲೆಯ ಮೇಲಿಟ್ಟರು. “ಯಾರ್ ಹೇಳಿದ್ರು ಮಾಸ್ತರ?” ಎಂದರು. ನಾನು, “ಯಾರೋ ಅಂದ್ರು” ಎಂದೆ. ಒಂದು ತಪ್ಪಿನ ಮೇಲೆ ಇನ್ನೊಂದು ಸುಳ್ಳು.

ಮುಂದಿನದು ನನಗೆ ತಿಳಿದದ್ದು ಮೂರು ವಾರಗಳ ಮೇಲೆ, ಪತ್ನಿಯ ಬಾಯಿಂದ. ಹುಡುಗಿಯ ತಾಯಿ ಅವಳ ಮುಂದೆ ಹೇಳಿಕೊಂಡು ಅತ್ತಿದ್ದರು. ಮಗಳಿಗೆ ನೌಕರಿ ಸಿಕ್ಕಿದ್ದಕ್ಕೆ ತಂದೆಗೆ ಸಿಟ್ಟಿರಲಿಲ್ಲ. ಹೊರಗಿನವರಿಗೆ ತಿಳಿದದ್ದು ತಮಗೆ ತಿಳಿಯಲಿಲ್ಲವೆಂಬುದೇ ಅವರಿಗೆ ಅವಮಾನವಾಗಿತ್ತು. ಹೋಗಕೂಡದೆಂದರು. ಕೆಲಸಕ್ಕೆ ಸೇರಬೇಕಾದ ದಿನವೂ ಕಳೆದುಹೋಯಿತು. ಇದಕ್ಕಿಂತ ದೊಡ್ಡ ಅನಾಹುತ ಬೇರೆ. ವಿಷಯ ಗೊತ್ತಿದ್ದುದು ಅಣ್ಣನೊಬ್ಬನಿಗೇ. ಆದ್ದರಿಂದ ಅವನೇ ತಂದೆಗೆ ತಿಳಿಸಿದನೆಂದು ಹುಡುಗಿ ನಂಬಿದ್ದಳು. ಅವನು ಆಣೆ ಮಾಡಿ ಹೇಳಿದರೂ ಕೇಳದೆ, ಅವನೊಡನೆ ಮಾತನ್ನೇ ಬಿಟ್ಟಿದ್ದಳು.

ಅಂದು ರಾತ್ರಿ ನಾನು ಪತ್ನಿಗೆ ಎಲ್ಲವನ್ನೂ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, “ಒಡಹುಟ್ಟಿದವರ ನಡುವ ಗೋಡಿ ಆಗಿ ನಿಂತೀರಿ. ನಾಳೆ ಮುಂಜಾನೆ ಎದ್ದು ಹೋಗಿ ಹೇಳಿ ಬರ್ರಿ” ಎಂದಳು.

ಹೋದೆ. ತಂದೆ ಮಗಳಿಬ್ಬರ ಎದುರಿಗೂ ನಡೆದದ್ದನ್ನು ನಡೆದಂತೆ ಹೇಳಿದೆ. ಇಪ್ಪತ್ತೈದು ವರ್ಷ ವರ್ಗದಲ್ಲಿ ನಿಂತು ಮಾತಾಡಿದವನಿಗೆ ಅಂದು ನಾಲ್ಕು ವಾಕ್ಯಗಳನ್ನು ಕೂಡಿಸುವುದು ಕಷ್ಟವಾಯಿತು. ಮಿತ್ರರು ನೆಲವನ್ನು ನೋಡುತ್ತ ಕುಳಿತರು. ಕೊನೆಗೆ ಹುಡುಗಿಯೇ, “ತಪ್ಪ ನಂದೂ ಅದ ಸರ. ನಾ ಮುಚ್ಚಿ ಬರಬೇಕಾಗಿತ್ತು” ಎಂದಳು. “ಇಲ್ಲವ್ವ, ಬಾಗಿಲಾ ಹಾಕೂದು ನೀ ಮರತಿ. ನಾ ಮರತು ಒಳಗ ಹೋಗಲಿಲ್ಲ, ತಿಳದೇ ಹೋದೆ. ಎರಡೂ ಒಂದಲ್ಲ” ಎಂದೆ. ಅವಳ ಕಣ್ಣು ತುಂಬಿದವು. ಅಂದು ಸಂಜೆಯೇ ಅವಳು ಪುಣೆಗೆ ಫೋನು ಮಾಡಿದಳೆಂದು ತಿಳಿಯಿತು. ಕಳೆದ ನೌಕರಿ ಮರಳಲಿಲ್ಲ. ಮರುವರ್ಷ ಬೇರೊಂದು ಕಡೆ ಸಿಕ್ಕಿತು, ತಂದೆಯೇ ಬಸ್ಸು ಹತ್ತಿಸಿ ಬಂದರು. ಆದರೆ ನಡುವೆ ಹೋದ ಒಂದು ವರ್ಷ ನನ್ನ ಲೆಕ್ಕದಲ್ಲಿಯೇ ಉಳಿದಿದೆ.

ಈಗ ಕೈಕೈಗೂ ಫೋನು ಬಂದು, ಅಂಥ ಕೆಫೆಗಳು ಬಹುಮಟ್ಟಿಗೆ ಮುಚ್ಚಿಹೋಗಿವೆ. ಉಳಿದವು ‘ಆನ್‌ಲೈನ್ ಸೆಂಟರ್’ಗಳಾಗಿವೆ. ಸಿ.ಇ.ಟಿ. ಅರ್ಜಿ, ವಿದ್ಯಾರ್ಥಿವೇತನ, ಪಹಣಿ, ಪಿಂಚಣಿ ಎಲ್ಲಕ್ಕೂ ಜನ ಅಲ್ಲಿಗೇ ಹೋಗುತ್ತಾರೆ. ಹಳ್ಳಿಗಳಲ್ಲಿ 2022ರಿಂದ ಗ್ರಾಮ ಒನ್ ಕೇಂದ್ರಗಳೂ ಬಂದಿವೆ. ನಮ್ಮ ತಂದೆಯವರು ಕಟ್ಟೆಯ ಮೇಲೆ ಮಾಡುತ್ತಿದ್ದ ಕೆಲಸವನ್ನೇ ಇಂದು ಅಲ್ಲಿಯ ತರುಣರು ಮಾಡುತ್ತಿದ್ದಾರೆ. ನಿವೃತ್ತನಾದ ಮೇಲೆ ನಾನೂ ಹಲವರೊಡನೆ ಅಲ್ಲಿಗೆ ಹೋಗುವುದುಂಟು. ಆಗ ಅವರು ಕೇಳುವ ಕೆಲವು ಪ್ರಶ್ನೆಗಳಿಗೆ ನಾನು ತಿಳಿದಂತೆ ಹೇಳುವುದು ಇಷ್ಟು.

ಮೂಲೆಯ ಗುಣಾಕಾರ ಚಿಹ್ನೆ ಒತ್ತಿದರೆ ಸಾಲದೇ ಎಂದು ಕೇಳುತ್ತಾರೆ. ಸಾಲದು. ಅದು ಕಿಟಕಿಯನ್ನು ಮುಚ್ಚುತ್ತದೆ, ಖಾತೆಯನ್ನಲ್ಲ. ಮೊದಲು ಸೈನ್ ಔಟ್ ಮಾಡಿ, ಆಮೇಲೆ ಮುಚ್ಚಬೇಕು. ಮತ್ತೊಮ್ಮೆ ತೆರೆದಾಗ ಅದು ಪಾಸ್‌ವರ್ಡ್ ಕೇಳಿದರೆ ಮಾತ್ರ ಎದ್ದೇಳಬೇಕು. ‘ಪಾಸ್‌ವರ್ಡ್ ನೆನಪಿಡಲೇ?’ ಎಂದು ಯಂತ್ರ ಕೇಳಿದರೆ ಬೇಡವೆನ್ನಬೇಕು. ಮರೆತು ಮನೆಗೆ ಬಂದಿದ್ದರೆ ಗಾಬರಿ ಬೇಡ. ಜಿಮೇಲ್‌ನಂಥ ಖಾತೆಗಳನ್ನು ನಮ್ಮ ಫೋನಿನಿಂದಲೇ ಬೇರೆ ಯಂತ್ರಗಳಲ್ಲಿ ಮುಚ್ಚಬಹುದು. ಪಾಸ್‌ವರ್ಡನ್ನೂ ಬದಲಿಸಬೇಕು.

ನಮ್ಮನ್ನೇಕೆ ಗುರುತಿನ ಚೀಟಿ ಕೇಳುತ್ತಾರೆಂದು ಕೆಲವರು ಮುನಿಯುತ್ತಾರೆ. ಕೇಂದ್ರ ಸರಕಾರ 2011ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಸೈಬರ್ ಕೆಫೆಯವರು ಗುರುತನ್ನು ಪರಿಶೀಲಿಸಿ, ಬಂದವರ ದಾಖಲೆಯನ್ನು ಕನಿಷ್ಠ ಒಂದು ವರ್ಷ ಇಡಬೇಕು. ಗೂಡಿನ ಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರಕೂಡದು. ಪಾಲಕರಿಲ್ಲದೆ ಚಿಕ್ಕ ಮಕ್ಕಳನ್ನು ಗೂಡಿನಲ್ಲಿ ಕೂಡಿಸಕೂಡದು. ಆದ್ದರಿಂದ ಕೇಳಿದಾಗ ಮುನಿಯದೆ ತೋರಿಸಬೇಕು.

ಆಧಾರ್ ಪತ್ರವನ್ನು ಅಲ್ಲಿ ಇಳಿಸಿಕೊಳ್ಳಬಹುದೇ? ಸಾರ್ವಜನಿಕ ಯಂತ್ರದಲ್ಲಿ ಇಳಿಸಿಕೊಳ್ಳದಿರುವುದೇ ಒಳಿತೆಂದೂ, ಇಳಿಸಿಕೊಂಡರೆ ಪ್ರತಿಗಳನ್ನೆಲ್ಲ ಶಾಶ್ವತವಾಗಿ ಅಳಿಸಬೇಕೆಂದೂ ಆಧಾರ್ ಪ್ರಾಧಿಕಾರವೇ ಹೇಳಿದೆ. ಕೊನೆಯ ನಾಲ್ಕು ಅಂಕಿಗಳನ್ನಷ್ಟೇ ತೋರಿಸುವ ಆಧಾರ್ ಪ್ರತಿಯೂ ದೊರೆಯುತ್ತದೆ. ಕೇಂದ್ರದವರ ವಾಟ್ಸ್ಆ್ಯಪ್‌ಗೆ ಕಳುಹಿಸಿದ ಕಾಗದಪತ್ರಗಳನ್ನು, ಕೆಲಸ ಮುಗಿದೊಡನೆ ನಮ್ಮೆದುರಿಗೇ ಅಳಿಸಿರೆಂದು ವಿನಯದಿಂದ ಕೇಳಬೇಕು. ಅದರಲ್ಲಿ ಅವಮಾನವಿಲ್ಲ.

ಒ.ಟಿ.ಪಿ. ಬಂದಾಗ ಹತ್ತು ಜನರ ನಡುವೆ ಕೂಗಿ ಹೇಳಬಾರದು. ಅದು ಯಾವ ಕೆಲಸಕ್ಕೆ ಬಂದದ್ದೆಂದು ಸಂದೇಶವನ್ನು ಓದಿ, ಸಾಧ್ಯವಿದ್ದರೆ ನಮ್ಮ ಕೈಯಾರೆ ಒತ್ತಬೇಕು. ಬ್ಯಾಂಕಿನ ವ್ಯವಹಾರವನ್ನು ಹಂಚಿಕೊಂಡ ಯಂತ್ರದಲ್ಲಿ ಮಾಡದಿರುವುದೇ ಲೇಸು. ಮೋಸದಿಂದ ಹಣ ಹೋದದ್ದು ತಿಳಿದರೆ ತಡಮಾಡದೆ 1930 ಸಂಖ್ಯೆಗೆ ಫೋನು ಮಾಡಬೇಕು.

ಇವೆಲ್ಲ ನಮ್ಮ ರಕ್ಷಣೆಯ ಮಾತಾಯಿತು. ಇನ್ನೊಬ್ಬರ ರಕ್ಷಣೆಯೂ ನಮ್ಮ ಕೈಯಲ್ಲಿದೆ. ಪಕ್ಕದವರ ಪರದೆಯ ಕಡೆಗೆ ಕಣ್ಣು ಹೊರಳಿಸಬಾರದು. ಅರ್ಜಿಯ ಕೊನೆಯ ದಿನ ಹೊರಗೆ ಮಕ್ಕಳು ಕಾಯುತ್ತಿದ್ದರೆ ನಮ್ಮ ಕೆಲಸ ಮುಗಿದೊಡನೆ ಏಳಬೇಕು. ಮುದ್ರಣಯಂತ್ರದ ಮೇಲೆ ಯಾರದೋ ಅಂಕಪಟ್ಟಿ ಉಳಿದಿದ್ದರೆ ಮಗುಚಿಟ್ಟು ಅಂಗಡಿಯವರಿಗೆ ಕೊಡಬೇಕು. ಯಾರದಾದರೂ ಖಾತೆ ತೆರೆದಿದ್ದರೆ ಓದದೆ ಮುಚ್ಚಬೇಕು. ಅಕಸ್ಮಾತ್ ಕಣ್ಣಿಗೆ ಬಿದ್ದುದು ನಾಲಗೆಗೆ ಬರಕೂಡದು. ಶುಭ ವಾರ್ತೆಯಾದರೂ ಬರಕೂಡದು. ಅದನ್ನು ಹೇಳುವ ಸಂತೋಷ ಅವರದು.

ಇತ್ತೀಚೆಗೆ ಆನ್‌ಲೈನ್ ಸೆಂಟರಿನ ಬೆಂಚಿನ ಮೇಲೆ ಕುಳಿತಿದ್ದಾಗ ಅಜ್ಜಿಯೊಬ್ಬರು, “ಇದರಾಗ ಏನ್ ಬಂದೈತಿ ನೋಡಪಾ” ಎಂದು ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು. ಅವರಿಗೆ ಬೇಕಾದ ಒಂದು ಸಂದೇಶವನ್ನಷ್ಟೇ ಅವರ ಕಿವಿಯ ಹತ್ತಿರ ಓದಿ ಹೇಳಿ, ಫೋನನ್ನು ಮರಳಿ ಕೊಟ್ಟೆ. ಪಕ್ಕದಲ್ಲಿದ್ದವರು ಕುತೂಹಲದಿಂದ, “ಏನಂತ್ರಿ ಸರ?” ಎಂದರು.

“ಅವರಿಗೆ ಬಂದದ್ದು, ನಮಗಲ್ಲ” ಎಂದೆ.