ಗಾಡಿಯ ಮೈಮೇಲಿನ ಮೂರು ಊರು

ನರಗುಂದದ ಗುಡ್ಡವನ್ನು ಬೆನ್ನಿಗೆ ಬಿಟ್ಟು ರೋಣದ ಕಡೆ ಹೊರಟರೆ ಎರಡೂ ಬದಿಗೆ ಕಣ್ಣು ಹಾಯುವಷ್ಟು ದೂರ ಯರಿ ಹೊಲ. ಜನವರಿಯಲ್ಲಿ ಕಡಲೆ, ಬಿಳಿಜೋಳ ನಿಂತಿರುತ್ತವೆ. ಬಾಬಾಸಾಹೇಬ 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದದ್ದು ಆ ಗುಡ್ಡದ ಕೋಟೆಯಿಂದ. 1980ರ ಜುಲೈಯಲ್ಲಿ ರೈತರು ಸಿಡಿದೆದ್ದದ್ದೂ ಇದೇ ನರಗುಂದದಲ್ಲಿ.

ನಮ್ಮ ಗಾಡಿ ಹಳೆಯ ಟೆಂಪೋ ಟ್ರಾವೆಲರ್, ಕಡುನೀಲಿ ಬಣ್ಣದ್ದು. ಹಿಂದಿನ ಸೀಟು ತೆಗೆಸಿ ಹಾಸಿಗೆ, ಪುಟ್ಟ ಒಲೆ, ನೀರಿನ ಕ್ಯಾನ್ ಇಟ್ಟುಕೊಂಡಿದ್ದೇವೆ. ರಜೆ ಬಂದರೆ ಮಕ್ಕಳು, ಮಾವನವರು ಎಲ್ಲ ಸೇರಿ ಹೊರಡುವುದು. ಆರ್‌ಟಿಒದಲ್ಲಿ ಕಾಗದಪತ್ರ ಬದಲಾದವು. ಮೈಮೇಲಿನ ಅಕ್ಷರ ಮಾತ್ರ ಬದಲಾಗಿರಲಿಲ್ಲ. ಹಿಂದಿನ ಮಾಲೀಕರು ಎರಡೂ ಬದಿಗೆ ಹಳದಿ ರೇಡಿಯಂನಲ್ಲಿ ‘ನರಗುಂದ – ರೋಣ – ಗಜೇಂದ್ರಗಡ’ ಎಂದು ಅಂಟಿಸಿದ್ದರು. ನೋಡಲು ಚೆಂದವೆಂದು ಮಕ್ಕಳು ತೆಗೆಯಲು ಬಿಟ್ಟಿರಲಿಲ್ಲ.

ದಾರಿಯಲ್ಲಿ ಒಂದು ಹಳ್ಳಿಯ ಕ್ರಾಸಿನಲ್ಲಿ ಚಹಾಕ್ಕೆ ನಿಂತೆವು. ಆರೇಳು ಮಂದಿ ಗಂಟುಮೂಟೆ ಸಮೇತ ಬಂದು ಬಾಗಿಲು ಸುತ್ತಿಕೊಂಡರು. ‘ಇದು ಸರ್ವೀಸ್ ಗಾಡಿ ಅಲ್ರೀ’ ಎಂದು ಮಾವ ಹೇಳುತ್ತಿರುವಾಗಲೇ ಹಿಂದಿನಿಂದ ಬಸ್ಸು ಬಂತು. ಕಂಬದ ಹತ್ತಿರ ಯಾರೂ ಇಲ್ಲದ್ದನ್ನು ಕಂಡು ನಿಲ್ಲದೆ ಹೋಯಿತು. ಉಳಿದವರು ಗೊಣಗುತ್ತ ನೆರಳಿಗೆ ಹೋದರು. ಒಬ್ಬ ಅಜ್ಜಿ ಮಾತ್ರ ಆಸ್ಪತ್ರೆಯ ಚೀಟಿ ಹಿಡಿದು ನಿಂತೇ ಇದ್ದರು.

‘ರೋಣಕ್ಕ ಅಂತ ಬರದೈತಂತಲ್ಲೋ ಯಪ್ಪಾ? ಈ ಹುಡುಗಿ ಓದಿ ಹೇಳಿದ್ಲು.’

‘ಬರದೈತಿ ಯವ್ವಾ. ಹತ್ರಿ, ನಾವೂ ಅಲ್ಲಿಗೇ ಹೊಂಟೇವಿ. ರೊಕ್ಕ ಏನೂ ಬ್ಯಾಡ,’ ಎಂದರು ಮಾವ.

ಅಜ್ಜಿಯನ್ನು ಆಸ್ಪತ್ರೆಯ ಬಾಗಿಲಿಗೆ ಇಳಿಸಿದ ಮೇಲೆ ಮಕ್ಕಳೇ ಹೇಳಿದರು: ‘ಇವತ್ತೇ ತೆಗೆಯೋಣ.’

ರೋಣದ ರೇಡಿಯಂ ಅಂಗಡಿಯವರು ಅಕ್ಷರಕ್ಕೆ ಉಗುರು ತಾಗಿಸಿ ನೋಡಿದರು. ಹಳೆಯದಾದ ಸ್ಟಿಕ್ಕರ್ ಬಿಸಿಲಿಗೆ ಒಣಗಿ ಹಪ್ಪಳದಂತೆ ಮುರಿಯುತ್ತದೆ. ‘ಎಳದು ಕೀಳಬ್ಯಾಡ್ರಿ, ಕಾಸಿ ತಗೀರಿ’ ಎಂದು ಅವರೇ ತೋರಿಸಿಕೊಟ್ಟರು. ಕೂದಲು ಒಣಗಿಸುವ ಡ್ರೈಯರ್‌ನಿಂದ ಕೈಗೆ ಬೆಚ್ಚಗೆ ತಾಗುವಷ್ಟು ಕಾಸಬೇಕು. ಹೆಚ್ಚಾದರೆ ಬಣ್ಣವೇ ಉಬ್ಬುತ್ತದೆ. ಬ್ಲೇಡಿನ ಬದಲು ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಅಂಚು ಎಬ್ಬಿಸಿ, ಸ್ಟಿಕ್ಕರನ್ನು ಹಿಂದಕ್ಕೆ ಮಡಚಿದ ಹಾಗೆ ಮೆಲ್ಲಗೆ ಎಳೆಯಬೇಕು. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಿಂದ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆಯಬೇಕು. ಥಿನ್ನರ್ ಹಚ್ಚಿದರೆ ಅಂಟಿನ ಜೊತೆ ಬಣ್ಣವೂ ಹೋಗುತ್ತದೆ. ಮಗಳು ‘ನ’ದಿಂದ, ಮಗ ‘ಡ’ದಿಂದ ಶುರು ಮಾಡಿದರು. ಒಂದು ಬದಿ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಯಿತು.

ತೊಳೆದು ನೋಡಿದರೆ ಮೂರೂ ಊರು ಹಾಗೇ ಇವೆ! ಸುತ್ತಲಿನ ನೀಲಿ ಬಿಸಿಲಿಗೆ ಮಾಸಿತ್ತು. ಅಕ್ಷರದ ಕೆಳಗಿನದು ಹೊಸದರಂತೆ ಉಳಿದಿತ್ತು. ಅಂಗಡಿಯವರು ನಕ್ಕು ಪಾಲಿಶ್ ಡಬ್ಬಿ ಕೊಟ್ಟರು. ಮಾಸಿದ ಮೇಲ್ಪದರ ಸ್ವಲ್ಪ ಸವೆದರೆ ಎರಡೂ ಬಣ್ಣ ಹತ್ತಿರ ಬರುತ್ತವಂತೆ.

ಮುಂದೆ ಸೂಡಿಯಲ್ಲಿ ಇಳಿದೆವು. ಎರಡು ಶಿಖರದ ಜೋಡು ಕಳಸದ ಗುಡಿ 11ನೇ ಶತಮಾನದ ಚಾಲುಕ್ಯರ ಕಾಲದ್ದು. ಪಕ್ಕದ ನಾಗಕುಂಡದ ಮೆಟ್ಟಿಲು, ಗೋಡೆಯ ಕೆತ್ತನೆ ನೋಡಲೆಂದೇ ಬರಬಹುದು. ಚಾಲುಕ್ಯ ರಾಜಕುಮಾರಿ ಅಕ್ಕಾದೇವಿ ಆಳಿದ ಸೀಮೆಯಿದು. ಊರಿನ ಹಳೆಯ ಶಾಸನಗಳ ಸುದ್ದಿ ಕೇಳಿ ಮಗ, ‘ಕಲ್ಲಿನ ಅಕ್ಷರ ಕಾಸಿದರೂ ಬರೋದಿಲ್ಲ’ ಎಂದ.

ಸಂಜೆ ಗಜೇಂದ್ರಗಡದಲ್ಲಿ ಕಾಲಕಾಲೇಶ್ವರನ ಬೆಟ್ಟ ಹತ್ತಿದೆವು. ಬಂಡೆಯೊಳಗಿಂದ ಜಿನುಗುವ ಅಂತರಗಂಗೆಯ ನೀರು ಕುಡಿದು, ಗುಡ್ಡದ ಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳನ್ನು ಎಣಿಸುತ್ತ ಇಳಿದೆವು. ಕೆಳಗೆ ಗಾಡಿಯ ನೆರಳಲ್ಲಿ ಕೂತು ಎಲ್ಲರೂ ಒಂದೊಂದು ಬಟ್ಟೆ ಹಿಡಿದು ಪಾಲಿಶ್ ತಿಕ್ಕಿದೆವು. ಓರೆ ಬೆಳಕಿನಲ್ಲಿ ‘ರೋಣ’ ಇನ್ನೂ ಮಸುಕಾಗಿ ಕಾಣುತ್ತಿತ್ತು. ಅದರ ಮೇಲೆಯೇ, ರೋಣದಲ್ಲಿ ಕತ್ತರಿಸಿ ತಂದಿದ್ದ ‘ಸ್ವಂತ ವಾಹನ’ ಎಂಬ ಸಣ್ಣ ಅಕ್ಷರ ಅಂಟಿಸಿದೆವು.

ಊರೊಳಗೆ ಬಸ್ ಸ್ಟ್ಯಾಂಡ್ ಮುಂದೆ ನಿಧಾನವಾಗಿ ಹೋದೆವು. ಗಂಟು ಹಿಡಿದು ನಿಂತವರು ಒಮ್ಮೆ ನಮ್ಮ ಕಡೆ ನೋಡಿ, ಮತ್ತೆ ಬಸ್ಸಿನ ದಾರಿ ಕಾಯತೊಡಗಿದರು.