ದೊಡ್ಡಪ್ಪನ ವರ್ನಿಯರು

ಸೋಗಾನೆಗೆ ಹೊರಟಿದ್ದೀನಿ ಅಂದ್ರೆ ಆಗೆಲ್ಲ ಶಿವಮೊಗ್ಗದಲ್ಲಿ ಜನ ಒಂದು ಸಲ ಮುಖ ನೋಡೋರು. ಸೆಂಟ್ರಲ್ ಜೈಲು ಇರೋದು ಅಲ್ಲೇ ತಾನೆ! ವಿಮಾನದ ಹೆಸರು ಊರಿಗೆ ಅಂಟಿದ್ದು 2023ರಿಂದ ಈಚೆಗೆ. ನಾನು ಹೇಳ್ತಿರೋದು ಅದಕ್ಕೂ ಮುಂಚಿನ ಮಳೆಗಾಲ. ನಿಲ್ದಾಣದ ಕೆಲಸಕ್ಕೆ ಟಿಪ್ಪರು ಓಡಾಡಿ ರಸ್ತೆಯೆಲ್ಲ ಕೆಂಪು ರಾಡಿ. ಆರಿದ್ರೆಯೋ ಪುನರ್ವಸುವೋ, ಯಾವ ಮಳೆ ಅಂತ ಮರೆತಿದೆ. ದೊಡ್ಡಮ್ಮ ಕಳಲೆ ಪಲ್ಯ ಮಾಡಿ ಅಕ್ಕಿರೊಟ್ಟಿ ತಟ್ಟುತ್ತಿದ್ದದ್ದು ಮಾತ್ರ ಮರೆತಿಲ್ಲ.

ದೊಡ್ಡಪ್ಪ ಭದ್ರಾವತಿಯ ವಿಐಎಸ್‌ಎಲ್‌ನಲ್ಲಿ ದುಡಿದು ನಿವೃತ್ತರಾದವರು. ವಿಶ್ವೇಶ್ವರಯ್ಯನವರ ಹೆಸರಿನ ಆ ಕಬ್ಬಿಣದ ಕಾರ್ಖಾನೆಯಿಂದ ಅವರಿಗೆ ಅಂಟಿಕೊಂಡು ಬಂದ ಚಟ ಅಂದ್ರೆ ವರ್ನಿಯರ್ ಕ್ಯಾಲಿಪರು. ಅಳೆಯದೆ ಏನನ್ನೂ ನಂಬೋರಲ್ಲ. ಒಮ್ಮೆ ದೋಸೆಯ ದಪ್ಪವನ್ನೂ ಅಳೆದಿದ್ರು ಅಂತ ದೊಡ್ಡಮ್ಮ ದೂರುತ್ತಾರೆ. ನಾನು ಕಂಡಿಲ್ಲ, ಆದ್ರೆ ನಂಬ್ತೀನಿ.

ಅವರ ಲ್ಯಾಪ್‌ಟಾಪು ಹಳೇದು, ಭಾರದ್ದು. ಒಳಗಿನ 500 ಜಿಬಿ ಹಾರ್ಡ್ ಡಿಸ್ಕಿನಲ್ಲಿ ಇಡೀ ರಾತ್ರಿಯ ಯಕ್ಷಗಾನಗಳು, ತೋಟದ ಒಂದೊಂದು ಅಡಿಕೆ ಗೊನೆಯ ಫೋಟೋ, ಮೊಮ್ಮಗನ ಸಿನಿಮಾಗಳು, ಹೀಗೆ ಕಂಠಮಟ್ಟ ತುಂಬಿಹೋಗಿತ್ತು. ‘ಒಂದನ್ನೂ ಅಳಿಸಬೇಡಿ, ಜಾಗ ಮಾಡಿಕೊಡಿ’ ಅಂತ ಅಪ್ಪಣೆ. ಅದು ಬಿದ್ದದ್ದು ಚಿಕ್ಕಪ್ಪನ ಮಗನ ತಲೆಗೆ. ರಿಪೇರಿಯ ಹುಚ್ಚಿನ ಹುಡುಗ. ಬಾಯಲ್ಲಿ ಸದಾ ಒಂದು ಸ್ಕ್ರೂ ಕಚ್ಚಿಕೊಂಡೇ ಮಾತಾಡೋನು.

ಅವನ ಯೋಚನೆ ಇಷ್ಟು: ಹಾರ್ಡ್ ಡಿಸ್ಕಿನ ಜಾಗಕ್ಕೆ ಹೊಸ ಎಸ್‌ಎಸ್‌ಡಿ. ಯಾರೂ ಮುಟ್ಟದ ಡಿವಿಡಿ ಡ್ರೈವನ್ನು ಕಿತ್ತು, ಆ ಗೂಡಿಗೆ ಹಳೇ ಡಿಸ್ಕು. ಮಧ್ಯೆ ಒಂದು ಕ್ಯಾಡಿ ಬೇಕು. ಡಿವಿಡಿಯ ಕರೆಂಟಿನ ಬಾಯಿಗೆ ಆರು ಪಿನ್ನು, ಡಿಸ್ಕಿನದಕ್ಕೆ ಹದಿನೈದು. ಎರಡನ್ನೂ ಹೊಂದಿಸೋದು ಕ್ಯಾಡಿಯೊಳಗಿನ ಪುಟ್ಟ ಬೋರ್ಡು. ಆದ್ರೆ ಕ್ಯಾಡಿಗಳು 9.5 ಮಿಲಿಮೀಟರು, 12.7 ಮಿಲಿಮೀಟರು ಅಂತ ಎರಡು ದಪ್ಪದಲ್ಲಿ ಬರುತ್ವೆ. ಹುಡುಗ ಬಾಯಿ ತೆರೆಯೋದರೊಳಗೆ ವರ್ನಿಯರ್ ಹೊರಗೆ ಬಂತು. ‘ಹನ್ನೆರಡು ಪಾಯಿಂಟ್ ಏಳು, ಬರ್ಕೊ!’ ಅಂದರು ದೊಡ್ಡಪ್ಪ. ಸರ್ವಿಸಿನಲ್ಲಿದ್ದಾಗಿನ ಗತ್ತು ಆ ದನಿಯಲ್ಲಿತ್ತು.

ಸಾಮಾನು ಬಂದ ಭಾನುವಾರ ತಕರಾರು ಎದ್ದಿತು. ಅಕ್ಕನ ಮದುವೆಯ ಡಿವಿಡಿಗಳಿದ್ದವಲ್ಲ, ಡ್ರೈವ್ ಕಿತ್ತಮೇಲೆ ಅವನ್ನು ನೋಡೋದೆಲ್ಲಿ? ಮೊದಲೇ ಇಳಿಸಿಕೊಳ್ಳೋಣ ಅಂದ್ರೆ ಒಂದೊಂದೂ ನಾಲ್ಕು ಜಿಬಿ ಮೇಲೆ, ಡಿಸ್ಕಿನಲ್ಲಿ ಎಳ್ಳಷ್ಟು ಜಾಗವಿಲ್ಲ. ಜಗಲಿ ತುಂಬ ವಾದ. ಒಳಗಿಂದ ದೊಡ್ಡಮ್ಮ, ‘ಹೊಸ ಡಬ್ಬಿ ತಂದಮೇಲೆ ಮೊದಲು ಅದಕ್ಕೇ ಅಕ್ಕಿ ಸುರುವಬಾರದಾ’ ಅಂದರು. ಹುಡುಗ ಬಾಯಲ್ಲಿದ್ದ ಸ್ಕ್ರೂ ತೆಗೆದು, ‘ದೊಡ್ಡಮ್ಮ ಹೇಳಿದ್ದೇ ಸರಿ’ ಅಂದ.

ಹಾಗೇ ಆಯ್ತು. ಬ್ಯಾಟರಿ ತೆಗೆದು, ಮೈಯ ಸ್ಟ್ಯಾಟಿಕ್ ಹೋಗಲಿ ಅಂತ ಕಿಟಕಿಯ ಕಬ್ಬಿಣದ ಸರಳು ಮುಟ್ಟಿ, ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಕೂರಿಸಿ, ಬ್ಯಾಟರಿ ಮತ್ತೆ ಹಾಕಿದ. ಪೆನ್‌ಡ್ರೈವಿನಿಂದ ವಿಂಡೋಸ್ ಹಾಕಿ, ಇನ್ನೂ ಕೀಳದ ಡ್ರೈವಿನಿಂದ ಮದುವೆಯನ್ನು ಹೊಸ ಜಾಗಕ್ಕೆ ಇಳಿಸಿದ. ಮಧ್ಯೆ ಕರೆಂಟ್ ಹೋಯ್ತು. ಬ್ಯಾಟರಿ ಎಳೆದಾಡುತ್ತಾ ಹೇಗೋ ತಡೆದುಕೊಂಡಿತು; ನಾವು ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು ಕಾದೆವು. ಆಮೇಲೆ ಡಿವಿಡಿ ಡ್ರೈವ್. ಅದನ್ನು ಹಿಡಿದಿದ್ದದ್ದು ತಳದ ಒಂದೇ ಸ್ಕ್ರೂ. ಬಿಚ್ಚಿ ಎಳೆದರೆ ಬಂತು. ಹಳೇ ಡಿಸ್ಕನ್ನು ಕ್ಯಾಡಿಗೆ ಹಾಕಿ ತಳ್ಳಿದಾಗ ‘ಟಕ್’ ಅಂತು. ಡ್ರೈವಿನ ಮುಂದಿನ ಪಟ್ಟಿಯನ್ನು ಕ್ಯಾಡಿಗೇ ಹಾಕಿಸೋವರೆಗೆ ದೊಡ್ಡಪ್ಪ ಬಿಡಲಿಲ್ಲ. ಮುಖ ಬೇರೆ ಆಗಬಾರದಂತೆ.

ಸುದ್ದಿ ಹಬ್ಬಿ ಬೀದಿಯವರೂ ಲ್ಯಾಪ್‌ಟಾಪ್ ಹಿಡಿದು ಬರತೊಡಗಿದರು. ಕೆಲವು ತೀರಾ ತೆಳ್ಳಗೆ. ಡಿವಿಡಿ ಗೂಡೇ ಇಲ್ಲ. ಒಂದರಲ್ಲಂತೂ ಸ್ಟೋರೇಜನ್ನು ಬೋರ್ಡಿಗೇ ಬೆಸುಗೆ ಹಾಕಿದ್ದರು. ದೊಡ್ಡಪ್ಪ ಅದನ್ನೂ ವರ್ನಿಯರಿನ ದವಡೆಗೆ ಸಿಕ್ಕಿಸಿ ಅಳೆದು, ‘ಇದರೊಳಗೆ ನೀನು ಏನು ತುರುಕ್ತೀಯೋ ಮಾರಾಯ’ ಅಂತ ಹುಡುಗನ ಕೈಗಿಟ್ಟು ಊಟಕ್ಕೆ ಎದ್ದರು.