ತಪ್ಪು ಮಾಡದ ಆಂಪ್ಲಿಫೈಯರ್

ಹೈದರಾಬಾದಿನಲ್ಲಿ ನನ್ನ ಮೊದಲ ಕೆಲಸ. ಒಂದು ಮೀಟಿಂಗಿನಲ್ಲಿ ಎಲ್ಲರೆದುರು ಸಹೋದ್ಯೋಗಿಯೊಬ್ಬರ ಮೇಲೆ ತಪ್ಪು ಹೊರಿಸಿದೆ. ನಮ್ಮ ಸ್ವಿಚ್ಡ್ ಕೆಪಾಸಿಟರ್ ಸರ್ಕ್ಯೂಟ್ ಇರಬೇಕಾದ್ದಕ್ಕಿಂತ ಶೇ. 3ರಷ್ಟು ಕಡಿಮೆ ವೋಲ್ಟೇಜ್ ಕೊಡುತ್ತಿತ್ತು. ಸ್ವಿಚ್‌ಗಳು ನನ್ನವು, ಆಂಪ್ಲಿಫೈಯರ್ ಅವರದು. 'ಆಂಪ್ಲಿಫೈಯರಿನ ಗೇನ್ ಸಾಲದು' ಎಂದುಬಿಟ್ಟೆ. ಅವರು ಸುಮ್ಮನಿದ್ದರು.

ಹೊರಗೆ ಬಂದಾಗ ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರು ಮೆಲ್ಲಗೆ ಅಂದರು: 'ಆಕಿ ಆಂಪ್ಲಿಫೈಯರ್ ತಗದು, ಐಡಿಯಲ್ ಒಂದು ಹಾಕಿ ನೋಡ್ರಿ. ಆಮ್ಯಾಲ ಮಾತಾಡೋಣು.'

ಈ ಬಗೆಯ ಸರ್ಕ್ಯೂಟಿನಲ್ಲಿ ಪುಟ್ಟ ಕೆಪಾಸಿಟರ್ ಬಿಂದಿಗೆಯ ಹಾಗೆ ಒಂದು ಹಂತದಲ್ಲಿ ಚಾರ್ಜ್ ತುಂಬಿಕೊಂಡು ಇನ್ನೊಂದರಲ್ಲಿ ಸುರಿಯುತ್ತದೆ. 1 ಪಿಕೋಫ್ಯಾರಡ್‌ನದನ್ನು ಸೆಕೆಂಡಿಗೆ 1 ಲಕ್ಷ ಬಾರಿ ಹೀಗೆ ಆಡಿಸಿದರೆ ಅದು 1 ಕೋಟಿ ಓಮ್‌ನ ರೆಸಿಸ್ಟರಿನಂತೆ ನಡೆದುಕೊಳ್ಳುತ್ತದೆ. ಸುರಿದ ಚಾರ್ಜು ಸೋರದೆ ಸರಿಯಾದ ಜಾಗ ಸೇರುವಂತೆ ನೋಡಿಕೊಳ್ಳುವುದು ಆಂಪ್ಲಿಫೈಯರ್.

ಐಡಿಯಲ್ ಡಿಫರೆನ್ಷಿಯಲ್ ಆಂಪ್ಲಿಫೈಯರ್ ಬರೆಯಲು ಹತ್ತು ನಿಮಿಷ ಸಾಕು. ಎರಡು ವೋಲ್ಟೇಜ್ ಮೂಲಗಳು; ಎರಡೂ 0.9 ವೋಲ್ಟ್‌ನಲ್ಲಿ ನಿಂತಿರುತ್ತವೆ. ಇನ್‌ಪುಟ್‌ಗಳ ವ್ಯತ್ಯಾಸಕ್ಕೆ ಅರ್ಧ ಗೇನ್ ಗುಣಿಸಿ ಒಂದು ಮೇಲಕ್ಕೆ ಹೋಗುತ್ತದೆ, ಇನ್ನೊಂದು ಅಷ್ಟೇ ಕೆಳಕ್ಕೆ. ಮೊದಲ ಸಲ ಸಿಮ್ಯುಲೇಟರ್ ಒಪ್ಪಲಿಲ್ಲ. ಸ್ವಿಚ್‌ಗಳು ಆಫ್ ಇದ್ದಾಗ ಇನ್‌ಪುಟ್‌ಗಳಿಗೆ ಕೆಪಾಸಿಟರ್‌ಗಳ ಹೊರತು ಆಸರೆಯೇ ಇಲ್ಲ. ಆರಂಭದ ವೋಲ್ಟೇಜ್ ಎಷ್ಟೆಂದು ಅದು ಲೆಕ್ಕ ಹಾಕುವುದಾದರೂ ಹೇಗೆ? ಎರಡಕ್ಕೂ ಭಾರಿ ರೆಸಿಸ್ಟರ್ ಕೊಟ್ಟ ಮೇಲೆ ಓಡಿತು.

ಗೇನ್ 10 ಲಕ್ಷ ಇಟ್ಟೆ. ಕೊರತೆ ಶೇ. 3! 1000ಕ್ಕೆ ಇಳಿಸಿದೆ. ಔಟ್‌ಪುಟ್‌ನ ಅರ್ಧ ಭಾಗ ಇನ್‌ಪುಟ್‌ಗೆ ಮರಳುತ್ತಿದ್ದ ನಮ್ಮ ಸರ್ಕ್ಯೂಟಿನಲ್ಲಿ ಅದರಿಂದ ಹೆಚ್ಚಿದ ಕೊರತೆ ಶೇ. 0.2 ಮಾತ್ರ. ಹಾಗಾದರೆ ತಪ್ಪು ಆಂಪ್ಲಿಫೈಯರಿನದಲ್ಲ.

ತಪ್ಪು ನನ್ನದೇ. ರೀಸೆಟ್ ಸ್ವಿಚ್ ಪೂರ್ತಿ ಆಫ್ ಆಗುವ ಮುನ್ನವೇ ಮುಂದಿನ ಹಂತದ ಸ್ವಿಚ್ ಆನ್ ಆಗುತ್ತಿತ್ತು. ಆ ಕೆಲವೇ ನ್ಯಾನೋಸೆಕೆಂಡುಗಳಲ್ಲಿ ಚಾರ್ಜ್ ಸೋರಿಹೋಗುತ್ತಿತ್ತು. ಎರಡು ಗಡಿಯಾರಗಳ ನಡುವೆ ಬಿಡುವು ಕೊಟ್ಟೆ, ಸರಿಹೋಯಿತು.

ಮುಂದಿನ ಮೀಟಿಂಗಿನಲ್ಲಿ ಎಲ್ಲರೆದುರೇ ಕ್ಷಮೆ ಕೇಳಿದೆ. ಅವರು ನಕ್ಕು, ನನ್ನ ಮಾಡೆಲ್‌ನ 0.9ರ ಮೇಲೆ ಬೆರಳಿಟ್ಟು, 'ಇದನ್ನು ಎಲ್ಲಿಂದ ತಂದಿರಿ?' ಎಂದರು. ನಾನು ಟೈಪ್ ಮಾಡಿದ್ದೆ, ಅಷ್ಟೆ. ನಿಜವಾದ ಆಂಪ್ಲಿಫೈಯರಿನಲ್ಲಿ ಎರಡೂ ಔಟ್‌ಪುಟ್‌ಗಳು ಒಟ್ಟಿಗೆ ಮೇಲಕ್ಕೋ ಕೆಳಕ್ಕೋ ಜಾರದಂತೆ ಆ ಮಟ್ಟದಲ್ಲಿ ಹಿಡಿದಿಡಲು ಬೇರೆಯದೇ ಫೀಡ್‌ಬ್ಯಾಕ್ ಸರ್ಕ್ಯೂಟ್ ಬೇಕು. ಅವರು ವಾರಗಟ್ಟಲೆ ಕೂತು ಮಾಡಿದ್ದ ಕೆಲಸವೇ ಅದು.